ಕಮಾನು ಚಾವಣಿಯ ಮೇಲೆ ಬರಿಗಾಲಲ್ಲಿ

ನಂಬುವುದಾದರೆ ನಂಬಿ, ಬಿಟ್ಟರೆ ಬಿಡಿ. ಇದು ನನಗೇ ಆದದ್ದು, ಹೋದ ಚಳಿಗಾಲ, ಅಮೆರಿಕದ ಎವರೆಟ್ ಊರಿನ ಹತ್ತಿರದ ಒಂದು ಕಲ್ಲಿನ ಚರ್ಚಿನಲ್ಲಿ. ನಾನು ಧಾರವಾಡದವಳು, ಕಟ್ಟಡಗಳ ಗಟ್ಟಿತನ ಪರೀಕ್ಷಿಸುವ ಇಂಜಿನಿಯರ್. ದೆವ್ವದ ಕಥೆ ಹೇಳಿ ನನಗೇನೂ ಆಗಬೇಕಾಗಿಲ್ಲ.

ಆ ಚರ್ಚ್ ಕಟ್ಟಿಸಿದವರಿಗೆ ಮಧ್ಯಯುಗದ ಯುರೋಪಿನ ಹುಚ್ಚು. ಒಳಗೆಲ್ಲ ಅಲ್ಲಿನಂಥದೇ ಕಮಾನು ಚಾವಣಿ: ಕಂಬಗಳಿಂದ ಎದ್ದ ಕಲ್ಲಿನ ಪಕ್ಕೆಲುಬುಗಳು ನೆತ್ತಿಯಲ್ಲಿ ಒಂದೇ ಕಲ್ಲಿಗೆ ಬಂದು ಸೇರುತ್ತವೆ. ಸಣ್ಣದೊಂದು ಭೂಕಂಪವಾದ ಮೇಲೆ ಅದನ್ನು ನೋಡಲು ನನ್ನನ್ನು ಕರೆಸಿದ್ದರು. ವಾರಾಂತ್ಯಕ್ಕೆ ಅದರಡಿಯಲ್ಲೇ ಊರಿನ ಕಾಯರ್ ಗಾಯನ ತಂಡ ಹಾಡುವುದಿತ್ತು. ಹಾಡುವವರಲ್ಲಿ ನನ್ನ ಮಗಳು ಅನನ್ಯಾ ಕೂಡ ಇದ್ದಳು.

ಆಗಲೇ ಕತ್ತಲಾಗಿತ್ತು. ಚರ್ಚಿನ ಬೀಗ ನೋಡಿಕೊಳ್ಳುವ ಮಂಗಳೂರಿನ ಲ್ಯಾನ್ಸಿ ಕೆಳಗೆ ನಿಂತಿದ್ದರು. ಅವರೂ ಆ ಕಾಯರ್‌ನಲ್ಲಿ ಹಾಡುವವರೇ. ನಾನು ಮೇಲೆ, ಚಾವಣಿಯ ಬೆನ್ನಿಗೂ ಮರದ ಮಾಡಿಗೂ ನಡುವೆ, ಟಾರ್ಚ್ ಹಿಡಿದು. ಹಳೆಯ ಸುಣ್ಣದ, ಪಾರಿವಾಳದ ಹಿಕ್ಕೆಯ ವಾಸನೆ… ಕೆಳಗೆ ದೇವರ ಪೀಠ. ಬೂಟು ಹಾಕಿಕೊಂಡು ದೇವರ ನೆತ್ತಿಯ ಮೇಲೆ ಹೇಗೆ ಓಡಾಡಲಿ? ಬಿಚ್ಚಿಟ್ಟೆ, ಸಾಕ್ಸನ್ನೂ.

ಸುತ್ತಿಗೆಯಿಂದ ಕಲ್ಲುಗಳನ್ನು ತಟ್ಟುತ್ತಾ ಹೋದೆ. ಗಟ್ಟಿಯಿದ್ದರೆ ಠಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡಿದ್ದರೆ ಡಬ್. ಎಲ್ಲ ಕಡೆ ಠಣ್… ಠಣ್…

ಆಮೇಲೆ, ನಾನು ತಟ್ಟದೆಯೇ, ಡಬ್.

ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯಿತು. ಕಲ್ಲಿನ ಒಳಗಿನಿಂದಲೇ, ಪಕ್ಕೆಲುಬಿನ ಗುಂಟ ನನ್ನತ್ತ ಬಂತು… ನಿಂತಿತು… ತಿರುಗಿ ಹೋಯಿತು.

"ಲ್ಯಾನ್ಸಿಯವ್ರ, ನೀವೇನರ ಬಡದ್ರೇನ್ರಿ?" ಫೋನಿನಲ್ಲಿ ಪಿಸುಗುಟ್ಟಿದೆ.

"ನಾನು ಎಂತ ಮಾಡ್ಲಿಲ್ಲ ಮಾರಾಯ್ರೆ… ನಾವು ಹಾಡ್ಲಿಕ್ಕೆ ನಿಲ್ಲುವ ಜಾಗದ ಮೇಲೆ ಕೇಳ್ತಾ ಉಂಟು. ನೀವು ಇಳಿದು ಬನ್ನಿ."

ಇಳಿಯಲಿಲ್ಲ. "ಯಾರರ ಇರು, ಕೆಲ್ಸಾ ಮುಗಸದ ಇಳ್ಯಾಕಿ ಅಲ್ಲ ನಾ!" ಎಂದು ಜೋರಾಗಿ ಹೇಳಿ ಅತ್ತ ನಡೆದೆ. ಅಲ್ಲಿ ಸುತ್ತಿಗೆ ಹಾಕಿದರೆ ಠಣ್. ಆದರೆ ಪಾದದ ಕೆಳಗೆ ಡಬ್, ಡಬ್, ಡಬ್… ಆ ಚಳಿಯಲ್ಲೂ ಬೆವರಿಬಿಟ್ಟೆ.

ಅದರಡಿ ಯಾರೂ ನಿಲ್ಲಬಾರದು ಎಂದು ಚರ್ಚಿನ ಸಮಿತಿಗೆ ಹೇಳಿದೆ. ಅವರು ಇನ್ನೊಬ್ಬ ಇಂಜಿನಿಯರನ್ನು ಕರೆಸಿದರು. ಆತ ಬೂಟು ಹಾಕಿಕೊಂಡೇ ಹತ್ತಿ, ಎಲ್ಲ ಸರಿಯಿದೆ ಎಂದ. ಲ್ಯಾನ್ಸಿ ಎಲ್ಲರೆದುರು ತಲೆ ತಗ್ಗಿಸಿ, ತನಗೇನೂ ಕೇಳಿಸಲಿಲ್ಲ ಎಂದರು. ನನಗೆ ಮೈಯೆಲ್ಲ ಉರಿಯಿತು. ಮಗಳನ್ನು ಮಾತ್ರ ಕಳಿಸಲಿಲ್ಲ.

"ಅಮ್ಮಾ, ಯು ಆರ್ ಸೋ ಎಂಬರಾಸಿಂಗ್!" ಎಂದು ದಡಾರನೆ ಕೋಣೆಯ ಬಾಗಿಲು ಹಾಕಿಕೊಂಡಳು.

ಹಾಡು ಮುಗಿಯಿತು. ಏನೂ ಬೀಳಲಿಲ್ಲ. ಎಲ್ಲರೂ ನಕ್ಕರು. ನಗಲಿ. ಆದರೆ ಹಾಡುವವರ ಸಾಲಿನಲ್ಲಿ ಲ್ಯಾನ್ಸಿ ಇರಲಿಲ್ಲವಂತೆ! ಫೋನ್ ಮಾಡಿ ಕೇಳಿದೆ.

"ಗಂಟಲು ಸರಿ ಇರ್ಲಿಲ್ಲ," ಎಂದರು. ಆಮೇಲೆ ದನಿ ತಗ್ಗಿಸಿದರು. "ನಿಮ್ಮ ಮಗಳನ್ನು ಮುಂದೆಯೂ ಕಳಿಸ್ಬೇಡಿ, ಆಯ್ತಾ?"

ಆ ಚಾವಣಿ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಅದರಡಿ ಜನ ಪ್ರತಿ ಭಾನುವಾರ ಮಂಡಿಯೂರುತ್ತಾರೆ. ನಾನು ಹೇಳಿದ್ದರಲ್ಲಿ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅನನ್ಯಾ ಇನ್ನೂ ನನ್ನೊಂದಿಗೆ ಸರಿಯಾಗಿ ಮಾತಾಡುತ್ತಿಲ್ಲ. ಮಾತು ಬಿಟ್ಟರೆ ಬಿಡಲಿ, ಮಗಳು ಮನೆಯಲ್ಲಿದ್ದಾಳೆ.