ಈಶಾನ್ಯ ಮೂಲೆ ಖಾಲಿ ಮಾಡಿಸಿದ್ದು

ನಾನು ಪಾಠ ಹೇಳುವ ಕಾಲೇಜು ಹೊಸಪೇಟೆಯ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಹೆಸರು ಬೇಡ. ಹೆಸರು ಬರೆದರೆ ನಾಳೆಯೇ ಕರೆಸಿ, ಕುರ್ಚಿ ತೋರಿಸದೆ ನಿಲ್ಲಿಸಿ ಮಾತಾಡಿಸುತ್ತಾರೆ. ಊರಿನ ವ್ಯಾಪಾರಸ್ಥರು ಸೇರಿ ಹಿಂದೆ ಯಾವಾಗಲೋ ಕಟ್ಟಿದ ಕಾಲೇಜು ಅದು. ಕಂಪ್ಲಿ, ಸಂಡೂರು, ಅವುಗಳ ಸುತ್ತಲಿನ ಹಳ್ಳಿಗಳಿಂದ ಬಸ್ಸು ಹತ್ತಿ ಬರುವ ಮಕ್ಕಳೇ ಹೆಚ್ಚು. ಅದರಲ್ಲೂ ಹುಡುಗಿಯರು. ಹುಡುಗರು ಐಟಿಐ, ಡಿಪ್ಲೊಮಾ ಮುಗಿಸಿ ಉಕ್ಕಿನ ಫ್ಯಾಕ್ಟರಿ ಗೇಟಿಗೆ ಹೋಗಿ ನಿಲ್ಲುತ್ತಾರೆ; ನಾನು ಅರ್ಥಶಾಸ್ತ್ರ ಹೇಳುವ ಕ್ಲಾಸಿನಲ್ಲಿ ಬೆಂಚುಗಳ ತುಂಬ ಜಡೆಗಳೇ.

ಕಾಲೇಜನ್ನು ರಿಪೇರಿ ಮಾಡಿಸಿ ಹೊಸದಾಗಿ ಕಾಣುವಂತೆ ಮಾಡಬೇಕೆಂದು ಆಡಳಿತ ಮಂಡಳಿಯವರು ತೀರ್ಮಾನಿಸಿದಾಗ ಒಂದು ಕಟ್ಟಡ ಸಮಿತಿ ಹುಟ್ಟಿತು. ಅಧ್ಯಕ್ಷರು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡವರು. ಎಲ್ಲರೂ ಅವರನ್ನು ಸಾವ್ಕಾರ್ರು ಅನ್ನುವುದು ರೂಢಿ. ಅವರ ಜೊತೆ ನಮ್ಮ ಪ್ರಿನ್ಸಿಪಾಲರು, ಒಬ್ಬ ಇಂಜಿನಿಯರ್, ಕೊನೆಗೆ ಹೆಣ್ಣುಮಕ್ಕಳ ಪರವಾಗಿ ಒಬ್ಬರು ಇರಲಿ ಎಂದು ನಾನು. ಉಪ್ಪಿನಕಾಯಿಯ ಹಾಗೆ ಎಲೆಯ ತುದಿಗೆ ನನ್ನನ್ನು ಬಡಿಸಿದ್ದಾರೆ ಎಂದು ನನಗೂ ಗೊತ್ತಿತ್ತು. ಆದರೂ ಖುಷಿಯಿಂದಲೇ ಹೋದೆ. ಯಾಕೆಂದರೆ ನನಗೆ ಬೇಕಾಗಿದ್ದದ್ದು ಒಂದೇ ಒಂದು.

ಹುಡುಗಿಯರಿಗೆ ಇದ್ದ ಶೌಚಾಲಯ ಆವರಣದ ಈಶಾನ್ಯ ಮೂಲೆಯಲ್ಲಿತ್ತು. ಚಾವಣಿ ಸೋರುತ್ತಿತ್ತು, ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೂಗು ಮುಚ್ಚಿಕೊಂಡು ಹೋಗಿ ಬರುತ್ತಿದ್ದರು. ಅಧ್ಯಾಪಕಿಯರಾದ ನಮಗೆ ಅದೂ ಇರಲಿಲ್ಲ. ಪ್ರಿನ್ಸಿಪಾಲರ ಕೋಣೆಗೆ ಹೊಂದಿಕೊಂಡು ಒಂದು ಬಾತ್‌ರೂಮ್ ಇದೆ. ಅವರು ಹೊರಗೆ ಹೋಗಿದ್ದಾಗ ಅಟೆಂಡರ್ ಹತ್ತಿರ ಬೀಗದ ಕೈ ಇಸಿದುಕೊಂಡು ಕಳ್ಳರಂತೆ ಹೋಗಿ ಬರುತ್ತಿದ್ದೆವು.

ಮೊದಲ ಮೀಟಿಂಗಿನಲ್ಲಿ ಸಾವ್ಕಾರ್ರು ತಮ್ಮ ಕನಸು ಹೇಳಿದರು. "ಮಗ್ಗಲ್ದಾಗ ಹಂಪಿ ಇಟ್ಕೊಂಡು ಮುಂದ್ಗಡೆ ಹಿಂಗ ಬೋಳು ಗ್ವಾಡಿ ಇರ್ಬೇಕೇನ್ರಿ? ಹಂಪಿ ಬಜಾರ್‌ದಾಗ ಸಾಲು ಮಂಟಪ ಅದಾವಲ್ಲ, ಹಂಗ ಕಂಬ ನಿಲ್ಲಿಸ್ರಿ. ಬಂದ ಮಂದಿ ನೋಡಿ ಮಸ್ತ್ ಐತಿ ಅನ್ಬೇಕು."

ನಮ್ಮ ಊರಿನ ರೋಗವೇ ಇದು. ಲಾಡ್ಜಿಗೂ ಮದುವೆ ಹಾಲಿಗೂ ಸಿಮೆಂಟಿನ ಕಲ್ಲುಕಂಬ ಬೇಕು, ಕಂಬಕ್ಕೆ ಯಾಳಿ ಬೇಕು, ಅದರ ಮೇಲೆ ಕಂದು ಬಣ್ಣ ಬಳಿದು ಹಳೆಯದಾಗಿ ಕಾಣಬೇಕು. ಅಸಲಿ ಕಲ್ಲಿನ ಮಂಟಪಗಳು ಹತ್ತಿರದಲ್ಲೇ ಬಿಸಿಲಿಗೆ ನಿಂತಿರುವಾಗ ನಕಲಿ ಯಾರಿಗೆ ಬೇಕೋ ನನಗಂತೂ ತಿಳಿಯದು.

"ಕಂಬ ನಿಲ್ಲಿಸ್ರಿ ಸಾವ್ಕಾರ್ರ. ಆದ್ರ ಮೊದ್ಲು ಹುಡುಗ್ಯಾರ ಟಾಯ್ಲೆಟ್ ಆಗ್ಲಿ" ಎಂದೆ.

ಎಲ್ಲರೂ ಒಮ್ಮೆಲೇ ತಮ್ಮ ತಮ್ಮ ಚಹಾದ ಕಪ್ಪು ನೋಡತೊಡಗಿದರು. ಸಾವ್ಕಾರ್ರು ಗಂಟಲು ಸರಿಮಾಡಿಕೊಂಡರು. ಹೆಂಗಸೊಬ್ಬಳು ಎದುರಿಗೆ ಕೂತು ಆ ಶಬ್ದ ಆಡಿದ್ದು ಅವರಿಗೆ ಮುಜುಗರವಾಗಿತ್ತು, ಪಾಪ. ಹುಡುಗಿಯರು ಹೋಗುವುದಕ್ಕೆ ಪಡುವ ಪಾಡು ಮುಜುಗರವಲ್ಲ. ಅದನ್ನು ಬಾಯಿಬಿಟ್ಟು ಹೇಳಿದ್ದು ಮುಜುಗರ. ಕೊನೆಗೆ ಪ್ರಿನ್ಸಿಪಾಲರೇ, "ಅದು ಆಗೇ ಆಗ್ತೈತಿ ಮೇಡಂ. ಪ್ಲಾನ್‌ದಾಗ ಮೊದಲ್ನೇದ್ದ ಅದು" ಎಂದರು. ಇಂಜಿನಿಯರೂ ತಲೆಯಾಡಿಸಿದರು. ನಾನು ನಂಬಿದೆ.

ದಸರಾ ರಜೆ ಬಂತು. ಕಡ್ಡಿರಾಂಪುರದಲ್ಲಿರುವ ತಮ್ಮನ ಮನೆಗೆ ಹೋದೆ. ಹಂಪಿಗೆ ಬರುವವರು ಇಳಿದುಕೊಳ್ಳಲೆಂದು ಅವನು ಹೊಲದ ಪಕ್ಕದಲ್ಲಿ ಕೋಣೆಗಳನ್ನು ಕಟ್ಟಿಸುತ್ತಿದ್ದ. ಗೋಡೆಗೆ ಇನ್ನೂ ಗಿಲಾವು ಆಗಿರಲಿಲ್ಲ, ಕಿಟಕಿಗಳಿಗೆ ಬಾಗಿಲಿರಲಿಲ್ಲ, ಆದರೆ ಬಾತ್‌ರೂಮ್ ಮುಗಿದು ಫಳಫಳ ಹೊಳೆಯುತ್ತಿತ್ತು. "ಬಂದೋರು ಮೊದ್ಲು ಇದನ್ನ ನೋಡ್ತಾರಕ್ಕ, ಇದು ಚಲೋ ಇಲ್ಲಂದ್ರ ಬ್ಯಾಗ್ ಕೆಳಗ ಇಡಂಗಿಲ್ಲ" ಎಂದ. ಒಂದು ರಾತ್ರಿ ಮಲಗಿ ಎದ್ದು ಹೋಗುವ ಪರಊರಿನವರಿಗೆ ಸಿಗುವ ಮರ್ಯಾದೆ ಇದು. ಸದ್ಯ, ನಮ್ಮ ಹುಡುಗಿಯರಿಗೂ ಆಗುತ್ತದಲ್ಲ ಎಂದು ಸಮಾಧಾನದಿಂದಲೇ ಊರಿಗೆ ಮರಳಿದೆ.

ಕಾಲೇಜಿಗೆ ಬಂದು ನೋಡುತ್ತೇನೆ, ಈಶಾನ್ಯ ಮೂಲೆ ಬಟಾಬಯಲು. ಶೌಚಾಲಯವಿದ್ದ ಗುರುತೂ ಇಲ್ಲ. ನೆಲ ಸಮ ಮಾಡಿ ಸಾರಿಸಿ, ರಂಗೋಲಿ ಹಾಕಿ, ಅರಿಶಿನ ಕುಂಕುಮ ಚೆಲ್ಲಿದ್ದಾರೆ; ಹೋಳು ಮಾಡಿದ ನಿಂಬೆಹಣ್ಣುಗಳು ಬಿದ್ದಿವೆ. ಬಾಳೆಕಂದು ಒಣಗಿ ನಿಂತಿದೆ.

ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಇದೇನು ಎಂದು ಕೇಳಿದೆ.

"ಗುದ್ದಲಿ ಪೂಜಿ ಮಾಡಿದ್ವಿ ಮೇಡಂ. ನೀವು ಊರಾಗ ಇರ್ಲಿಲ್ಲ."

"ಟಾಯ್ಲೆಟ್ ಎಲ್ರೀ?"

"ಪೂಜಿ ಈಶಾನ್ಯದಾಗ ಮಾಡ್ಬೇಕಲ್ರಿ. ಅಲ್ಲಿ ಅದು ಇತ್ತು. ಅದನ್ನ ಇಟ್ಕೊಂಡು ಹೆಂಗ ಪೂಜಿ ಮಾಡೋದು? ವಾಸ್ತುದೋರು ಬಂದು ನೋಡಿ, ಅದನ್ನ ತೆಗಿಯೋತನಕ ಗುದ್ದಲಿ ಮುಟ್ಟಬ್ಯಾಡ್ರಿ ಅಂದ್ರು."

ಓದುವವರು ದಯವಿಟ್ಟು ಇಲ್ಲಿ ಸ್ವಲ್ಪ ನಿಲ್ಲಬೇಕು. ಹುಡುಗಿಯರಿಗೆ ಒಳ್ಳೆಯ ಶೌಚಾಲಯ ಕಟ್ಟುವ ಕೆಲಸಕ್ಕೆ ಪೂಜೆ. ಆ ಪೂಜೆಗೆ ಜಾಗ ಬೇಕೆಂದು ಇದ್ದ ಶೌಚಾಲಯವನ್ನೇ ಕೆಡವಿದರು. ಹೊಸದನ್ನು ಎಲ್ಲಿ ಕಟ್ಟುವುದೆಂದು ಯಾರೂ ಗೆರೆ ಕೂಡ ಎಳೆದಿರಲಿಲ್ಲ. ಓದಿದವರು, ದೊಡ್ಡ ದೊಡ್ಡ ವ್ಯವಹಾರ ನಡೆಸುವವರು ಸೇರಿ ಮಾಡಿದ ಕೆಲಸ ಇದು. ಒಬ್ಬರಿಗಾದರೂ, ಸೋಮವಾರ ಹುಡುಗಿಯರು ಬಂದರೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಹೊಳೆಯಲಿಲ್ಲ. ಅಲ್ಲಿದ್ದವರೆಲ್ಲ ಹೆಣ್ಣುಮಕ್ಕಳ ತಂದೆಯರೇ.

ಆಮೇಲೆ ಶುರುವಾಯಿತು ನೋಡಿ 'ಎರಡನೇ ಹಂತ'. ಮೊದಲನೇ ಹಂತದಲ್ಲಿ ಮಂಟಪ, ಎರಡನೇ ಹಂತದಲ್ಲಿ ಟಾಯ್ಲೆಟ್. ಪ್ಲಾನಿನಲ್ಲಿ ಮೊದಲನೆಯದಾಗಿದ್ದದ್ದು ಕೆಳಗಿಳಿಯಿತು. ವಾಯವ್ಯ ಮೂಲೆಯಾದರೆ ವಾಸ್ತುವಿಗೂ ಅಡ್ಡಿಯಿಲ್ಲವಂತೆ. ಆದರೆ ಅಲ್ಲಿ ಮಂಡಳಿಯವರ ಕಾರು ನಿಲ್ಲಬೇಕು. ಹಿಂಭಾಗಕ್ಕೆ ಹಾಕೋಣವೆಂದರೆ ಪೈಪು ದೂರವಾಗುತ್ತದೆ. ನಾನು ಪ್ರತಿ ಮೀಟಿಂಗಿನಲ್ಲೂ ಕೇಳಿದೆ. ಪ್ರತಿ ಸಲವೂ ಇಂಜಿನಿಯರ್ ತಮ್ಮ ಹಾಳೆಯ ಮೇಲೆ ಒಂದು ಚೌಕವನ್ನು ಇಲ್ಲಿಂದ ಅಳಿಸಿ ಅಲ್ಲಿ ಬರೆದು ತೋರಿಸಿದರು. ಮೂಗಿಗೆ ತುಪ್ಪ ಸವರುವುದನ್ನು ಅವರಿಂದ ಕಲಿಯಬೇಕು. ಮುಂದುಗಡೆ ಮಾತ್ರ ಕಂಬಗಳು ಒಂದೊಂದಾಗಿ ಮೇಲೇಳುತ್ತಿದ್ದವು.

ಹುಡುಗಿಯರು ತಮ್ಮದೇ ದಾರಿ ಹುಡುಕಿಕೊಂಡರು. ಕಾಲೇಜಿನ ಹಿಂದಿನ ಓಣಿಯಲ್ಲಿ ಒಬ್ಬ ಸಹಪಾಠಿಯ ಮನೆ ಇತ್ತು. ಮೊದಲು ಅಲ್ಲಿಗೆ ಹೋದರು. ದಿನವೂ ಅಷ್ಟೊಂದು ಜನ ಬಂದರೆ ಯಾರು ತಡೆದುಕೊಳ್ಳುತ್ತಾರೆ? ಆ ಮನೆಯ ಅಜ್ಜಿ ಮಧ್ಯಾಹ್ನ ಗೇಟಿಗೆ ಬೀಗ ಹಾಕತೊಡಗಿದಳು, ಅವಳನ್ನು ಬೈಯಲಾರೆ. ಬಸ್ ನಿಲ್ದಾಣಕ್ಕೆ ಹೋದರೆ ಮುಂದಿನ ಕ್ಲಾಸು ತಪ್ಪುತ್ತಿತ್ತು. ಕೊನೆಗೆ ಎಲ್ಲರೂ ಸೇರಿ ಕಂಡುಕೊಂಡ ಉಪಾಯವೆಂದರೆ ನೀರು ಕುಡಿಯದಿರುವುದು. ನಮ್ಮ ಕಡೆಯ ಬಿಸಿಲು ಗೊತ್ತಿರುವವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಮನೆಯಿಂದ ಬಾಟಲಿ ತುಂಬಿಸಿಕೊಂಡು ಬಂದು, ಹಾಗೆಯೇ ತುಂಬಿದ ಬಾಟಲಿ ಹಿಡಿದು ಸಂಜೆಯ ಬಸ್ಸು ಹತ್ತುತ್ತಿದ್ದರು.

ಅವರಲ್ಲಿ ಸಂಡೂರು ಕಡೆಯ ವಡ್ಡು ಎಂಬ ಹಳ್ಳಿಯಿಂದ ಬರುವ ಒಬ್ಬ ಹುಡುಗಿ ಇದ್ದಳು. ಕೊನೆಯ ವರ್ಷ. ತಂದೆ ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಕೂಲಿ. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಮುಂದಿನ ಬೆಂಚಿನಲ್ಲಿ ಕೂತು ನಾನು ಹೇಳಿದ್ದಕ್ಕೆಲ್ಲ ಅಡ್ಡ ಪ್ರಶ್ನೆ ಹಾಕುವವಳು. "ಎಂ.ಎ. ಮುಗಿಸಿ ನಿಮ್ಮ ಕುರ್ಚಿಗೇ ಬರ್ತೀನ್ರಿ ಮೇಡಂ, ಜಲ್ದಿ ರಿಟೈರ್ ಆಗ್ರಿ" ಎಂದು ನನ್ನನ್ನೇ ಕಾಡಿಸುತ್ತಿದ್ದಳು. ಬಂದರೆ ಬರಲಿ ಎಂದು ನನಗೂ ಮನಸ್ಸಿನಲ್ಲಿ ಆಸೆ ಇತ್ತು.

ಒಮ್ಮೆ ಪಾಠದ ನಡುವೆ ಅವಳು ಹೊಟ್ಟೆ ಹಿಡಿದುಕೊಂಡು ಡೆಸ್ಕಿನ ಮೇಲೆ ತಲೆ ಇಟ್ಟಳು. ಹೊರಗೆ ಕರೆದುಕೊಂಡು ಬಂದೆ. ಉರಿ ಮೂತ್ರ, ಜ್ವರ, ಹಿಂದೆಯೂ ಬಂದಿತ್ತಂತೆ. ಪ್ರಿನ್ಸಿಪಾಲರ ಬಾತ್‌ರೂಮಿಗೆ ಕರೆದೊಯ್ದೆ. ಮರುದಿನ ಅವರು ನನ್ನನ್ನು ಕರೆದು, "ಒಬ್ಬಾಕಿಗೆ ಬಿಟ್ರ ಎಲ್ಲಾರೂ ಬರ್ತಾರ ಮೇಡಂ. ಇದು ಆಫೀಸು" ಎಂದರು. ಅಂದಿನಿಂದ ಬೀಗದ ಕೈ ಅಟೆಂಡರ್ ಹತ್ತಿರ ಇಲ್ಲ, ಅವರ ಮೇಜಿನ ಡ್ರಾದಲ್ಲಿ. ಆ ಹುಡುಗಿ ಕ್ಲಾಸಿಗೆ ಬರುವುದು ನಿಂತಿತು.

ಕೆಲವು ದಿನಗಳ ನಂತರ ಅವಳ ತಂದೆ ಬಂದರು, ಟಿ.ಸಿ. ತೆಗೆದುಕೊಂಡು ಹೋಗಲು. ಅಷ್ಟು ಹೊತ್ತಿಗೆ ಮಂಟಪ ಮುಗಿದು ಬಣ್ಣವೂ ಆಗಿತ್ತು. ಆ ಮನುಷ್ಯ ಅದರ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದರು. ಹಳ್ಳಿಯಿಂದ ಬರುವ ಬಹಳ ಜನ ಹಾಗೆ ಮಾಡುತ್ತಿದ್ದರು, ಗುಡಿ ಎಂದುಕೊಂಡು. ಕಂಬಗಳನ್ನು ತಲೆ ಎತ್ತಿ ನೋಡಿ, "ಕಾಲೇಜು ಭಾಳ ಚಲೋ ಕಟ್ಟಿಸ್ಯಾರ್ರಿ ಮೇಡಂ" ಎಂದರು. ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನಿಸಿತು.

"ಇನ್ನ ಎರಡ್ಮೂರು ತಿಂಗಳು ಅಷ್ಟ ಐತ್ರಿ, ಪರೀಕ್ಷಿ ಮುಗೀತದ. ಬಿಡಿಸಬ್ಯಾಡ್ರಿ" ಎಂದು ಬೇಡಿಕೊಂಡೆ.

"ಓದಿಸ್ಬೇಕಂತ ನನಗೂ ಐತ್ರಿ. ಸಂಡೂರು ಡಾಕ್ಟ್ರು ಬಾಯಿಗೆ ಬಂದಂಗ ಬೈದ್ರು. ಇನ್ನೊಮ್ಮಿ ಹಿಂಗಾದ್ರ ಕಿಡ್ನಿಗೆ ಬರ್ತೈತಂತ. ನೀರು ಕುಡೀ ಅಂತಾರ, ಇಲ್ಲಿ ಬಂದು ಕುಡದ್ರ ಎಲ್ಲಿ ಹೋಗ್ಬೇಕ್ರಿ ಅಕಿ?"

ಟಿ.ಸಿ. ಮಾತ್ರ ಬೇಡ, ಹೆಸರು ಇರಲಿ, ಕಟ್ಟಿಸಿದ ಕೂಡಲೇ ನಾನೇ ಫೋನ್ ಮಾಡುತ್ತೇನೆ, ಆಮೇಲೆ ಕಳಿಸಿ ಎಂದು ಒಪ್ಪಿಸಿ ಕಳಿಸಿದೆ.

ಮರುದಿನ ಸಾವ್ಕಾರ್ರು ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತು ಮಂಟಪಕ್ಕೆ ಯಾವ ಬಣ್ಣದ ಲೈಟು ಹಾಕಿಸಬೇಕೆಂದು ಮಾತಾಡುತ್ತಿದ್ದರು. ನನ್ನ ಕ್ಲಾಸಿನ ಹುಡುಗಿಯರನ್ನೆಲ್ಲ ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಂತೆ.

"ಏನ್ರಿ ಮೇಡಮ್ಮಾರ ಇದು, ಮೆರವಣಿಗಿ?" ಎಂದರು ಸಾವ್ಕಾರ್ರು.

"ಟಾಯ್ಲೆಟ್‌ಗೆ ಬಂದಾರ್ರಿ ಸಾವ್ಕಾರ್ರ. ಬೀಗದ ಕೈ ಸರ್ ಡ್ರಾದಾಗ ಐತಿ."

ಪ್ರಿನ್ಸಿಪಾಲರ ಮುಖ ಕೆಂಪಾಯಿತು. ಹುಡುಗಿಯರು ಅಲ್ಲಾಡಲಿಲ್ಲ. ಸಾವ್ಕಾರ್ರ ಎದುರಿಗೆ ಇಲ್ಲ ಅನ್ನಲಾಗದೆ ಪ್ರಿನ್ಸಿಪಾಲರು ಬೀಗದ ಕೈ ತೆಗೆದು ಕೊಟ್ಟರು. ಒಬ್ಬೊಬ್ಬಳೂ ಮೇಜಿನ ಪಕ್ಕದಿಂದಲೇ ಹೋಗಬೇಕು, ಬರಬೇಕು. ಸಾವ್ಕಾರ್ರಿಗೆ ಎಲ್ಲಿ ನೋಡಬೇಕೆಂದು ತಿಳಿಯದೆ ಪೇಪರಿನಿಂದ ಮುಖ ಮುಚ್ಚಿಕೊಂಡರು. ಮಾರನೆಯ ದಿನ ಬಿ.ಕಾಂ.ನವರೂ ಬಂದರು. ಅದರ ಮಾರನೆಯ ದಿನ ಸಾಲು ಕಾರಿಡಾರ್ ದಾಟಿತು. ಮೆಮೊ ಕೊಡುತ್ತೇನೆಂದು ಪ್ರಿನ್ಸಿಪಾಲರು ಗದರಿಸಿದರು. ಕೊಡ್ರಿ ಎಂದೆ. ಕೊಡಲಿಲ್ಲ. ಏನು ಕಾರಣವೆಂದು ಅದರಲ್ಲಿ ಬರೆಯಬೇಕಲ್ಲ?

ಕೊನೆಗೆ ಸಾವ್ಕಾರ್ರೇ ಇಂಜಿನಿಯರನ್ನು ಕರೆಸಿ, "ಅತ್ಲಾಗ ಜಲ್ದಿ ಕಟ್ಟಿಸಿ ಒಗೀರಿ ಮಾರಾಯ್ರ, ಇಲ್ಲಿ ಕುಂದ್ರಾಕ ಆಗವಲ್ದು" ಎಂದರು. ವಾಯವ್ಯ ಮೂಲೆ ಸಿಕ್ಕಿತು. ಕಾರುಗಳು ಬೀದಿಯಲ್ಲಿ ನಿಂತವು, ಅವುಗಳಿಗೇನೂ ಆಗಲಿಲ್ಲ. ಪೈಪು ಬಂತು, ನೀರಿನ ಟ್ಯಾಂಕು ಏರಿತು. ತಿಂಗಳೂ ಆಗಿರಲಿಲ್ಲ, ಮುಗಿದೇಹೋಯಿತು. ಎಲ್ಲರೂ ಸಂತೋಷಪಟ್ಟರು. ನನಗೆ ಮಾತ್ರ ಸಿಟ್ಟು ಇನ್ನೂ ಹೆಚ್ಚಾಯಿತು. ಇಷ್ಟು ಸುಲಭದ ಕೆಲಸವಾಗಿತ್ತು ಅದು. ತಾವು ಕೂತಲ್ಲಿ ಕೂರಲು ತೊಂದರೆಯಾಗುವವರೆಗೂ ಅದು ಅವರಿಗೆ ಕೆಲಸವಾಗಿ ಕಾಣಲಿಲ್ಲ.

ಅಂದೇ ವಡ್ಡುವಿಗೆ ಫೋನ್ ಮಾಡಿದೆ. ಹುಡುಗಿಯೇ ಎತ್ತಿದಳು. ಆರೋಗ್ಯ ಸುಧಾರಿಸಿತ್ತು, ದನಿಯಲ್ಲಿ ಹಳೆಯ ಗೆಲುವಿತ್ತು. "ಕಟ್ಯಾರವ್ವ, ನೀರೂ ಐತಿ. ನಾಳಿಂದ ಬಾ" ಎಂದೆ.

"ನಾ ಕೆಲ್ಸಕ್ಕ ಹೊಂಟೀನ್ರಿ ಮೇಡಂ. ಫ್ಯಾಕ್ಟ್ರಿ ಸ್ಟೋರ್ಸ್‌ದಾಗ, ಕಂಪ್ಯೂಟರ್ ಮುಂದ. ಪರೀಕ್ಷಿಗೆ ರಜಾ ಕೊಡಂಗಿಲ್ಲಂತ್ರಿ. ಅಪ್ಪನೂ ಇರ್ಲಿ ಬಿಡು ಅಂದ" ಎಂದಳು.

ಕೆಲಸ ಬಿಟ್ಟು ಬಾ ಎಂದು ಯಾವ ಮುಖವಿಟ್ಟುಕೊಂಡು ಹೇಳಲಿ? ಏನಾದರೂ ಕೇಳಬೇಕೆಂದು, ಸಂಬಳ ಎಷ್ಟು ಕೊಡುತ್ತಾರೆ ಎಂದು ಕೇಳಿದೆ.

"ಅದನ್ನ ಸೇರಿ ಆದ್ಮ್ಯಾಲ ಕೇಳಿದ್ನಿರಿ. ಸೈನ್ ಹಾಕೋಕಿಂತ ಮೊದ್ಲು ಹೆಣ್ಮಕ್ಳ ಟಾಯ್ಲೆಟ್ ಎಲ್ಲೈತಿ ಅಂತ ಕೇಳಿ, ಒಳಗ ಹೋಗಿ ನೋಡಿ ಬಂದೆ."