ಮೊಮ್ಮಗಳು ಮಾಸ್ಕು ತೆಗೆದ ದಿನ

ನನ್ನ ಮೊಮ್ಮಗಳು ಇವತ್ತು ಮಾಸ್ಕಿಲ್ಲದೆ ಪಾಠ ಮಾಡಿ ಬಂದಳು. ಪಾಂಡವಪುರದ ಶಾಲೆಯಲ್ಲಿ, ತರಗತಿಯ ಮಕ್ಕಳೆಲ್ಲರ ಮುಂದೆ, ಬೆಳಗಿನಿಂದ ಸಂಜೆಯವರೆಗೆ. ಬಸ್ಸಿಳಿದು ಬರುವಾಗಲೂ ಮುಖ ತೆರೆದೇ ಇತ್ತು. ನೋಡಿ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹದಿನಾರು ತುಂಬುವ ಹೊತ್ತಿಗೇ ಅವಳ ಗದ್ದದಲ್ಲಿ ಗಂಡಸರ ಹಾಗೆ ಒರಟು ಕೂದಲು ಬಂದಿದ್ದವು. ಕೆಲಸಕ್ಕೆ ಸೇರಿದ ಮೇಲೆ ಯಾರೋ ಬೋರ್ಡಿನ ಮೇಲೆ ಗಡ್ಡದ ಮಿಸ್ಸಿನ ಚಿತ್ರ ಬರೆದರಂತೆ. ಅವತ್ತು ಹಾಕಿದ ಮಾಸ್ಕನ್ನು ಮತ್ತೆ ತೆಗೆಯಲಿಲ್ಲ. ಹೋದ ವರ್ಷ ಕೆಲಸವನ್ನೇ ಬಿಟ್ಟುಬಿಡುತ್ತೇನೆ ಎಂದಳು.

ನನ್ನೊಳಗೆ ಬೇರೆಯೇ ಸಂಕಟ. ನಮ್ಮ ಕಡೆ ಎಳೆಮಗುವಿಗೆ ಎಣ್ಣೆ ಹಚ್ಚಿ, ಕಡಲೆಹಿಟ್ಟಿನ ಉಂಡೆಯಿಂದ ಮೈ ಉಜ್ಜಿ ಕೂದಲು ಉದುರಿಸುತ್ತೇವೆ. ಇವಳಿಗೆ ಉಜ್ಜಿದವಳು ನಾನೇ. ಗದ್ದಕ್ಕೆ ಸರಿಯಾಗಿ ಉಜ್ಜಲಿಲ್ಲವೇನೋ ಎಂದು ಕೊರಗುತ್ತಿದ್ದೆ.

ಕೊನೆಗೆ ಶ್ರೀರಂಗಪಟ್ಟಣ ದಾಟಿ ಮೈಸೂರಿನ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆವು. ಇದು ಹಾರ್ಮೋನಿನ ಏರುಪೇರು, ಅದಕ್ಕೆ ಮಾತ್ರೆ ಬೇರೆ, ಕೂದಲಿಗೆ ಲೇಸರು ಎಂದರು. ಒಂದೇ ಸಲಕ್ಕೆ ಮುಗಿಯುವುದಿಲ್ಲ, ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಆರೆಂಟು ಸಲ ಬರಬೇಕು. ಪೂರ್ತಿ ಹೋಗುತ್ತದೆಂದು ಮಾತು ಕೊಡುವುದಿಲ್ಲ. ಬಹುಪಾಲು ಕಡಿಮೆಯಾಗಿ, ಉಳಿದದ್ದು ತೆಳುವಾಗುತ್ತದೆ. ಮಾತಿನ ನಡುವೆ ನನ್ನ ಗದ್ದವನ್ನೂ ತೋರಿಸಿದೆ. ಲೇಸರಿಗೆ ಕಪ್ಪು ಕೂದಲೇ ಬೇಕು, ನಿಮ್ಮದು ನರೆತಿದೆ ಎಂದು ನಕ್ಕರು.

ಮೊದಲ ಸಲ ಮಾಡಿಸಿ ಹತ್ತು ದಿನವಾಗಿತ್ತು. ಕೂದಲು ಮತ್ತೆ ಮೊಳೆತ ಹಾಗೆ ಮೇಲೆ ಬಂದವು. ಮೊಮ್ಮಗಳು ಅತ್ತಳು. ನಾನು ಸುಮ್ಮನಿರಬೇಕಲ್ಲ, ಕಡಲೆಹಿಟ್ಟಿಗೆ ಅರಿಸಿನ ಕಲಸಿ, ಉಂಡೆ ಮಾಡಿ ಉಜ್ಜಿಯೇಬಿಟ್ಟೆ. ಕೂದಲು ಹಿಟ್ಟಿಗೆ ಅಂಟಿಕೊಂಡು ಬಂದವು. ಲೇಸರು ಮಾಡದ್ದನ್ನು ನನ್ನ ಕೈ ಮಾಡಿತು ಎಂದು ಬೀದಿಗೆಲ್ಲ ಹೇಳಿಕೊಂಡು ಬಂದೆ. ಮಾರನೆಯ ದಿನ ಗದ್ದ ಕೆಂಪಗೆ ಊದಿತ್ತು.

ಡಾಕ್ಟರಮ್ಮ ನನ್ನನ್ನೇ ಎದುರು ಕೂರಿಸಿಕೊಂಡರು. “ಆ ಕೂದ್ಲು ಆಗ್ಲೇ ಸತ್ತಿದ್ವು ಅಜ್ಜಿ. ಎರಡು ವಾರದಲ್ಲಿ ತಾವೇ ಉದುರ್ತಿದ್ವು. ನೀವು ಉಜ್ಜಿ ಚರ್ಮ ಕೆಡಿಸಿದ್ರಿ, ಅಷ್ಟೆ.”

ಹಾಗಾದರೆ ಇವಳು ಕೂಸಾಗಿದ್ದಾಗ ನಾನು ಉಜ್ಜಿದ್ದು ಸಾಲದೆ ಹೀಗಾಯಿತೇ ಎಂದು ಕೇಳಿದೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದರು. ಬೈಸಿಕೊಂಡು ಅಷ್ಟು ಹಗುರಾಗಿ ನಾನು ಎಂದೂ ಬಸ್ಸು ಹತ್ತಿರಲಿಲ್ಲ.

ಚರ್ಮ ಸರಿಹೋಗುವ ತನಕ ಮುಂದಿನ ಸಲ ತಡವಾಯಿತು. ಆಮೇಲೆ ಎಲ್ಲ ಡಾಕ್ಟರಮ್ಮ ಹೇಳಿದ ಹಾಗೆಯೇ. ಬಿಸಿಲಿಗೆ ಛತ್ರಿ, ಅವರು ಬರೆದುಕೊಟ್ಟ ಕ್ರೀಮು. ಕೂದಲು ಕೀಳುವುದು, ಪಾರ್ಲರಿನಲ್ಲಿ ದಾರದಿಂದ ತೆಗೆಸುವುದು ಬಂದ್. ನಾಲ್ಕನೆಯ ಸಲಕ್ಕೆ ಅಲ್ಲಲ್ಲಿ ಬಯಲು ಕಂಡಿತು. ಏಳು ಮುಗಿದಾಗ ನಾಲ್ಕೆಂಟು ತೆಳು ಎಳೆ ಉಳಿದಿದ್ದವು. ವರ್ಷಕ್ಕೊಮ್ಮೆ ಮತ್ತೆ ಹೋಗಬೇಕಾಗಬಹುದಂತೆ. ಹೋದರಾಯಿತು.

ಇವತ್ತು ಶಾಲೆಯಲ್ಲಿ ಏನಂದರು ಎಂದು ಕೇಳಿದೆ.

“ಏನೂ ಅನ್ನಲಿಲ್ಲ ಕಣಜ್ಜಿ. ಒಬ್ಳು ಮಾತ್ರ, ಮಿಸ್ ನಿಮ್ಗೆ ಕೆನ್ನೇಲಿ ಗುಳಿ ಬೀಳ್ತದೆ ಅಂದ್ಲು.”

“ಅದು ನಮ್ಮ ಕಡೇದು ಕಣವ್ವ,” ಎಂದೆ.

ಸೊಸೆ ಒಲೆಯ ಮುಂದಿನಿಂದಲೇ, “ಅದೊಂದ ಬುಟ್ಬುಡಿ ಅತ್ತೆ, ಗುಳಿ ನಮ್ಮಪ್ಪನ ಮನೇದು,” ಎಂದಳು.

ಕೆಲಸ ಬಿಡುವ ಮಾತು ಇನ್ನಿಲ್ಲ. ಮುಂದಿನ ವರ್ಷ ಹತ್ತನೇ ತರಗತಿಯನ್ನೇ ಕೇಳುತ್ತಾಳಂತೆ. ರಾತ್ರಿ ಮುದ್ದೆಗೆ ಅವರೆಕಾಳಿನ ಸಾರು, ಮೇಲೆ ಶಾವಿಗೆ ಪಾಯಸ. ಮಗ, ಸೊಸೆ, ನನ್ನ ಯಜಮಾನರು, ನಾನು, ಅವಳು, ಐದೂ ಜನ ಒಟ್ಟಿಗೆ ಕುಳಿತು ಉಂಡೆವು. ಮೊಮ್ಮಗಳು ಮುಖವೆತ್ತಿ ನಗುತ್ತ ಎರಡನೆಯ ಮುದ್ದೆ ಹಾಕಿಸಿಕೊಂಡಳು.