ಇಳಿದರೆ ಹತ್ತಲು ಕಲ್ಲಿರಲಿಲ್ಲ

ಕಳೆದ ವಾರ ಆರ್.ಟಿ. ನಗರದಲ್ಲಿ ತಂಗಿಯ ಮನೆ ಬಾಗಿಲು ತಳ್ಳಿದರೆ ಹುರುಳಿ ಬೇಯುವ ವಾಸನೆ. "ನಿನಗೋಸ್ಕರಾನೇ ಕಣೇ ಅಕ್ಕ, ಕೊಬ್ಬು ಕರಗತ್ತಂತೆ" ಅಂದಳು. ಸೊರಗಿದವರಿಗೆ ಎಳ್ಳು, ಊದಿದವರಿಗೆ ಹುರುಳಿ ಅಂತ ನಮ್ಮಜ್ಜಿಯೂ ಹೇಳುತ್ತಿದ್ದಳು. ಐವತ್ತೆಂಟು ವರ್ಷದಲ್ಲಿ ಎಷ್ಟು ಸೇರು ಹುರುಳಿ ನನ್ನೊಳಗೆ ಹೋಗಿದೆಯೋ, ಕರಗಿದ್ದು ಮಾತ್ರ ಹುರುಳಿಯೇ. ಆದರೆ ಆ ವಾಸನೆ ನನ್ನನ್ನು ಅಡುಗೆಮನೆಗೆ ಕರೆದೊಯ್ಯುವುದಿಲ್ಲ. ಕುದುರೆ ಲಾಯಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಒಬ್ಬ ಮುದುಕರು ತಗಡಿನ ಬಕೆಟ್ಟಿನಲ್ಲಿ ಬೆಂದ ಹುರುಳಿಯನ್ನು ಬರಿಗೈಯಲ್ಲಿ ಹಿಸುಕುತ್ತಾ, ಬಿಸಿ ಆರಿದೆಯೋ ಇಲ್ಲವೋ ಅಂತ ಮೊದಲು ತಾವೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಿರುತ್ತಾರೆ...

ಅವರನ್ನು ಎಲ್ಲರೂ ಜಟಕಾ ತಾತ ಅನ್ನುತ್ತಿದ್ದರು. ಶೆಟ್ಟಿಹಳ್ಳಿ ನಿಜವಾಗಿಯೂ ಹಳ್ಳಿಯಾಗಿದ್ದ ಕಾಲದವರು. ಹರೆಯವೆಲ್ಲ ಯಶವಂತಪುರ ಸ್ಟೇಷನ್ನಿನ ಮುಂದೆ ಜಟಕಾ ಹೊಡೆದಿದ್ದರು. ಆಟೋಗಳು ಬಂದು ಜಟಕಾ ನಿಂತ ಮೇಲೆ, ಹೆಸರಘಟ್ಟದ ದಾರಿಯಲ್ಲಿದ್ದ ಒಂದು ಸವಾರಿ ಶಾಲೆಯಲ್ಲಿ ಕುದುರೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದರು.

ನಾನಾಗ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದೆ. ವಯಸ್ಸು ನಲವತ್ತೈದು ದಾಟಿತ್ತು, ತೂಕ ತೊಂಬತ್ತೆಂಟು. ಚಿಕ್ಕಂದಿನಿಂದಲೂ ನನಗೆ ಜಗತ್ತು ಹೇಳುತ್ತಾ ಬಂದದ್ದು ಒಂದೇ ಮಾತು: ಅಲ್ಲಿ ಕೂರಬೇಡ, ಮುರಿಯುತ್ತೆ. ಸಹೋದ್ಯೋಗಿಗಳ ಜೊತೆ ಸುಮ್ಮನೆ ನೋಡೋಣ ಅಂತ ಹೋದವಳು, ಒಂದು ಸಲ ಕುದುರೆ ಹತ್ತಿದ್ದೇ ತಡ, ಬೇರೆಯವಳೇ ಆಗಿಬಿಟ್ಟೆ. ಕುದುರೆಯ ಮೇಲೆ ನನಗೆ ನನ್ನ ತೂಕ ಮರೆತುಹೋಗುತ್ತಿತ್ತು. ನಾನು ಮರೆತದ್ದನ್ನು ಯಾರು ಹೊರುತ್ತಿದ್ದಾರೆ ಅಂತ ಯೋಚಿಸಲಿಲ್ಲ.

ತಾತ ಮೊದಲ ದಿನ ನನ್ನ ತೂಕ ಕೇಳಲೇ ಇಲ್ಲ. ಜೀನಿನ ಪಕ್ಕ ಕಾಲಿಡುವ ರಿಕಾಪಿನ ಮೇಲೆ ಎದ್ದು ನಿಲ್ಲಲು ಹೇಳಿ, ಮೆಲ್ಲಗೆ ಕೂರಿ ಅಂದರು. ನಾನು ಧೊಪ್ಪನೆ ಕೂತೆ. "ಭಾರ ಇರೋದು ತೆಪ್ಪಲ್ಲ ತಾಯಿ, ಭಾರ ಎಸೆಯೋದು ತೆಪ್ಪು" ಅಂದರು. ಜಟಕಾದಲ್ಲಿ ದಪ್ಪಗಿದ್ದವರನ್ನು ಅವರು ಇಳಿಸುತ್ತಿರಲಿಲ್ಲವಂತೆ, ಸರಿಸುತ್ತಿದ್ದರಂತೆ. ಏರು ಬಂದರೆ ಮುಂದಕ್ಕೆ ಸರೀರಿ, ಇಳಿಜಾರಾದರೆ ಹಿಂದಕ್ಕೆ. ನನಗೂ ಹಾಗೆಯೇ ಕಲಿಸಿದರು. ಲಾಯದ ಮುಂದಿನ ಎತ್ತರದ ಕಲ್ಲಿನಿಂದಲೇ ಹತ್ತಬೇಕು, ನೆಲದಿಂದ ಹತ್ತಿದರೆ ಜೀನು ಒಂದು ಕಡೆಗೆ ಜಗ್ಗಿ ಕುದುರೆಯ ಬೆನ್ನು ತಿರುಚುತ್ತದೆ ಅಂತ ನೂರು ಸಲ ಹೇಳಿದ್ದರು.

ಒಂದು ವರ್ಷವಾದ ಮೇಲೆ ಅವರನ್ನು ಕೇಳದೆ ನಾನು ಒಂದು ಕುದುರೆ ಕೊಂಡೆ. ರೇಸಿನಿಂದ ನಿವೃತ್ತಿಯಾದ ಹೆಣ್ಣು ಕುದುರೆ, ಕೆಂಚು ಬಣ್ಣ, ಲಾಯದಲ್ಲಿದ್ದ ಎಲ್ಲ ಕುದುರೆಗಳಿಗಿಂತ ಎತ್ತರ. ಕೆಂಚಿ ಅಂತ ಕರೆದೆ. ನಾನು ದೊಡ್ಡವಳು, ನನಗೆ ದೊಡ್ಡ ಕುದುರೆ ಬೇಕು... ನನ್ನ ಲೆಕ್ಕ ಅಷ್ಟೇ. ತಾತ ಕೆಂಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮೊಣಕಾಲಿನ ಕೆಳಗೆ ಒಂದು ದಾರ ಸುತ್ತಿ ಅಳೆದರು. ಪಕ್ಕದಲ್ಲಿದ್ದ ಕುಳ್ಳ ಗಂಡು ಕುದುರೆಯ ಕಾಲಿಗೂ ಅದೇ ದಾರ ಸುತ್ತಿದರು. ಕುಳ್ಳನ ಕಾಲಿಗೆ ದಾರ ಸಾಲಲಿಲ್ಲ.

"ಎತ್ರ ಒರಲ್ಲ ತಾಯಿ, ಮೂಳೆ ಒರೋದು" ಅಂದರು.

"ಹಾಗಾದ್ರೆ ಇವಳು ನನ್ನನ್ನ ಹೊರಲ್ವಾ?"

"ಒರ್ತಾಳೆ. ಬ್ಯಾಡ ಅನ್ನಾಕೆ ಬರಲ್ಲ ಇವ್ಕೆ. ಅದೇ ಕಷ್ಟ."

ಮೂರು ತಿಂಗಳು ಕೆಂಚಿ ಹೊತ್ತಳು. ಒಂದು ಗುರುವಾರ ಸವಾರಿ ಮುಗಿಸಿ ಜೀನು ಇಳಿಸಿದಾಗ, ತಾತ ನನ್ನ ಕೈ ಹಿಡಿದು ಅವಳ ಬೆನ್ನ ಮೇಲಿಟ್ಟರು. ಬೆನ್ನೆಲ್ಲ ಬೆವರಿ ತೊಯ್ದಿತ್ತು. ಬೆನ್ನುಮೂಳೆಯ ಎರಡೂ ಪಕ್ಕ ಅಂಗೈಯಗಲದ ಜಾಗ ಮಾತ್ರ ಒಣಗಿತ್ತು, ಮುಟ್ಟಿದರೆ ಕಾವು. ಜೀನು ನನಗೆ ಚಿಕ್ಕದು, ನನ್ನ ಭಾರವೆಲ್ಲ ಹಿಂದಿನ ಅಂಚಿನಲ್ಲಿ ಒತ್ತಿ ಅಲ್ಲಿ ಬೆವರೂ ಬರದ ಹಾಗೆ ಮಾಡಿತ್ತು. ಅಗಲವಾದ ಜೀನು ಬರುವ ತನಕ, ಆ ಕಾವು ಇಳಿಯುವ ತನಕ ಹತ್ತಬೇಡಿ ಅಂದರು. ಸರಿ ತಾತ, ಈ ಭಾನುವಾರ ಒಂದು ಆಗಲಿ ಅಂದೆ ನಾನು.

ಭಾನುವಾರ ನಾವು ಐದಾರು ಮಂದಿ ಹೆಸರಘಟ್ಟದ ಹುಲ್ಲುಗಾವಲಿಗೆ ಹೋಗುವುದಿತ್ತು. ನನ್ನ ಸ್ವಂತ ಕುದುರೆಯ ಮೇಲೆ ಎಲ್ಲರ ಜೊತೆ ಅದೇ ಮೊದಲ ಸವಾರಿ. ಬೆಳಗ್ಗೆ ಉಳಿದವರೆಲ್ಲ ಹತ್ತಿ ಗೇಟಿನ ಹತ್ತಿರ ನಿಂತಿದ್ದರು. ನಾನು ಕಲ್ಲಿನಿಂದ ಜೀನಿಗೆ ಏರಿದೆ. ತಾತ ಬಂದು ಲಗಾಮು ಹಿಡಿದರು.

"ಇವತ್ತು ಬ್ಯಾಡ ತಾಯಿ."

ಗೇಟಿನ ಹತ್ತಿರ ಕುದುರೆಗಳು ನೆಲ ಕೆರೆಯುತ್ತಿದ್ದವು. ಆಮೇಲೆ ಗುಂಪಿನಲ್ಲಿದ್ದ ಒಬ್ಬ ತರುಣ, "ತಾತ, ಟ್ರೈನ್ ಮಿಸ್ಸಾಗತ್ತೆ, ಜಟಕಾ ಬಿಡಿ" ಅಂದ. ಎಲ್ಲರೂ ನಕ್ಕರು. ಆ ನಗು ಅವರ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. ನನ್ನ ಕಿವಿ ಕಾದುಹೋಯಿತು. ಲಾಯದ ಯಜಮಾನರು ವರಾಂಡದಿಂದ ಇಳಿದು ಬಂದು, "ಏನ್ರೀ ಇದು ಬೆಳಬೆಳಗ್ಗೆ. ಅವರ ಕುದುರೆ, ಅವರಿಷ್ಟ. ನಾಳೆಯಿಂದ ಕೆಲಸಕ್ಕೆ ಬರೋ ಮನಸ್ಸಿದ್ರೆ ಲಗಾಮು ಬಿಡಿ" ಅಂದರು.

ತಾತ ಅವರ ಕಡೆ ತಿರುಗಲೇ ಇಲ್ಲ. ನನ್ನನ್ನೇ ನೋಡಿದರು. "ನೀವು ಅನ್ನಿ ತಾಯಿ. ಬಿಡು ಅಂತ ನೀವೇ ಏಳಿ."

ಕೆಂಚಿಯ ಕಿವಿ ಹಿಂದಕ್ಕೆ ಮಡಿಚಿತ್ತು. ನಾನು ನೋಡಿದ್ದೆ. ನೋಡಿಯೂ "ಬಿಡಿ" ಅಂದೆ.

ಅವರು ಬೆರಳನ್ನು ಒಂದೊಂದಾಗಿ ಬಿಡಿಸಿಕೊಂಡು ಪಕ್ಕಕ್ಕೆ ಸರಿದರು.

ಹೊರಟ ಸ್ವಲ್ಪ ಹೊತ್ತಿಗೇ ನನಗೆ ಗೊತ್ತಾಯಿತು. ಅವಳ ಹಿಂಗಾಲಿನ ಹೆಜ್ಜೆ ಚಿಕ್ಕದಾಗುತ್ತಿತ್ತು, ನೊಣವಿಲ್ಲದಿದ್ದರೂ ಬಾಲ ಬೀಸುತ್ತಿದ್ದಳು. ಇಳಿಜಾರಿನಲ್ಲಿ ಮುಗ್ಗರಿಸಿ ಸಾವರಿಸಿಕೊಂಡಳು. ಇಳಿದು ನಡೆಸಿಕೊಂಡು ಹೋಗಬೇಕಿತ್ತು. ಇಳಿಯುವುದಕ್ಕೆ ಎಷ್ಟು ಹೊತ್ತು? ಆದರೆ ಸುತ್ತ ನೋಡಿದೆ. ಕಣ್ಣಳತೆಯವರೆಗೂ ಹುಲ್ಲೇ. ಒಂದು ಕಲ್ಲಿಲ್ಲ, ದಿಣ್ಣೆಯಿಲ್ಲ. ಇಳಿದರೆ ಮತ್ತೆ ಹತ್ತುವುದು ಹೇಗೆ? ಇಬ್ಬರು ಗಂಡಸರು ಹಿಂದಿನಿಂದ ನನ್ನನ್ನು ತಳ್ಳುತ್ತಿರುವುದು, ಆ ತರುಣ ಪಕ್ಕದಲ್ಲಿ ನಿಂತು ನೋಡುತ್ತಿರುವುದು ಕಣ್ಣಿಗೆ ಕಟ್ಟಿತು. ಹತ್ತದೆ ನಡೆದೇ ಬರುವೆ ಅಂದರೆ ಯಾಕೆ ಅಂತ ಹೇಳಬೇಕು. ಇನ್ನೊಂದು ಮರದ ತನಕ, ಇನ್ನೊಂದು ತಿರುವಿನ ತನಕ ಅಂದುಕೊಳ್ಳುತ್ತಾ, ಹಲ್ಲು ಕಚ್ಚಿ, ರಿಕಾಪಿನ ಮೇಲೆ ಅರ್ಧ ಎದ್ದು, ತೊಡೆ ನಡುಗುತ್ತಿದ್ದರೂ ಕೂರದೆ, ಕೂತರೆ ಏಳಲಾಗದೆ... ಎರಡು ಗಂಟೆ. ನಾನು ಇಳಿಯಲಿಲ್ಲ.

ವಾಪಸು ಬಂದಾಗ ತಾತ ಕಲ್ಲಿನ ಹತ್ತಿರವೇ ನಿಂತಿದ್ದರು. ಜೀನು ಇಳಿಸಿ ಅಂಗೈ ಹತ್ತಿರ ತಂದರು, ಇನ್ನೂ ಮುಟ್ಟಿರಲಿಲ್ಲ, ನೋವಿನ ಹೆದರಿಕೆಗೇ ಕೆಂಚಿ ಬೆನ್ನನ್ನು ಕೆಳಗೆ ತಗ್ಗಿಸಿದಳು. ಅವರು ಬೈಯಲಿಲ್ಲ. ಗೋಣಿಚೀಲ ತಣ್ಣೀರಲ್ಲಿ ಅದ್ದಿ ಹಗುರವಾಗಿ ಹೊದಿಸಿದರು.

"ಮಧ್ಯದಲ್ಲೇ ಇಳೀಬೇಕಿತ್ತು ನಾನು" ಅಂದೆ.

"ಇಳಿದ್ರೆ ಅತ್ತಾಕೆ ಕಲ್ಲಿರಲಿಲ್ಲ, ಅಲ್ವಾ?"

ಬೇರೆ ಯಾರಿಗೂ ಹೊಳೆಯದ್ದು ಅವರಿಗೆ ಹೊಳೆದಿತ್ತು.

ಪಶುವೈದ್ಯರು ಬಂದು ನೋಡಿ, ನಾಲ್ಕು ತಿಂಗಳು ಜೀನು ಮುಟ್ಟಿಸಬೇಡಿ, ಆಮೇಲೂ ಸವಾರಿಗೆ ಆಗುತ್ತಾಳೋ ಇಲ್ಲವೋ ಹೇಳಲಾರೆ ಅಂದರು. ಕೆಲಸ ಮುಗಿಸಿ ದಿನಾ ಸಂಜೆ ಹೋಗುತ್ತಿದ್ದೆ. ನನ್ನ ಹೆಜ್ಜೆ ಸದ್ದಿಗೇ ಕೆಂಚಿ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದಳು. ತಾತ ಬಂದರೆ ತಲೆ ತಗ್ಗಿಸುತ್ತಿದ್ದಳು. ಇಬ್ಬರೂ ಅವಳನ್ನು ನಡೆಸಿಕೊಂಡು ಹೋಗುವಾಗ ಒಮ್ಮೆ ಅವರು ತಾವಾಗಿಯೇ ಹೇಳಿದರು: "ಮದುವೆ ದಿಬ್ಬಣ ಅಂತ ಒಂದ್ಸಲ ಒಂಬತ್ತು ಜನಾನ ತುಂಬ್ಕೊಂಡಿದ್ದೆ. ಏರಿನಾಗೆ. ನನ್ ಕುದ್ರೇನೂ ಬ್ಯಾಡ ಅನ್ನಲಿಲ್ಲ..." ಅಷ್ಟಂದು ಕೆಂಚಿಯ ಕುತ್ತಿಗೆ ಸವರಿದರು.

ಒಂದು ಭಾನುವಾರ ನನ್ನನ್ನು ಅದೇ ಹುಲ್ಲುಗಾವಲಿಗೆ ನಡೆಸಿಕೊಂಡು ಹೋದರು. ಕೆಂಚಿ ಹಗ್ಗದಲ್ಲಿ ಹಿಂದೆ ಬರುತ್ತಿದ್ದಳು. ದಾರಿಯ ಮೊದಲ ಮೋರಿಯ ಕಟ್ಟೆಯ ಮೇಲೆ ಬೆರಳಗಲದ ಸುಣ್ಣದ ಗೆರೆಯಿತ್ತು. "ಇಲ್ಲಿ ಇಳೀಬೋದು. ಇಲ್ಲಿಂದ್ಲೇ ಅತ್ತಬೋದು." ಮುಂದೆ ಒಂದು ಬಿದ್ದ ಮರದ ಬೊಡ್ಡೆ, ಅದಕ್ಕೂ ಗೆರೆ. ಕೆರೆ ಏರಿಯ ಒಂದು ಮೆಟ್ಟಿಲು, ಹುಲ್ಲಿನ ನಡುವೆ ನಾನು ಅವತ್ತು ಕಾಣದೇ ಹೋಗಿದ್ದ ಒಂದು ಗಡಿಕಲ್ಲು. ಎಪ್ಪತ್ತು ದಾಟಿದವರು, ಮಂಡಿನೋವಿನವರು, ಯಾವತ್ತೋ ಒಬ್ಬರೇ ಬಂದು, ನನ್ನ ಎತ್ತರಕ್ಕೆ ನನ್ನ ಭಾರಕ್ಕೆ ಆಗುವ ಜಾಗಗಳನ್ನು ಹುಡುಕಿಟ್ಟಿದ್ದರು. ಕುಳ್ಳ ಕುದುರೆಯ ಮೇಲೆ ಬನ್ನಿ ತಾಯಿ, ಅಲ್ಲಲ್ಲಿ ಇಳಿದು ಅದಕ್ಕೂ ಉಸಿರು ಬಿಡಾಕೆ ಬಿಡಿ ಅಂದರು.

ನಿಮ್ಮ ಮಾತು ಕೇಳದ್ದು ನನ್ನ ತಪ್ಪು ಅಂತ ಆಗಲಾದರೂ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಸುಣ್ಣ ಎಲ್ಲಿಂದ ತಂದ್ರಿ ತಾತ?"

"ಎಲೆಅಡಿಕೆ ಡಬ್ಬೀದು. ಇನ್ನೆಲ್ಲಿಂದ?"

ಕುಳ್ಳನ ಮೇಲೆ, ಅಗಲವಾದ ಜೀನು ಹಾಕಿ, ಗೆರೆ ಇದ್ದಲ್ಲೆಲ್ಲ ಇಳಿದು ಹತ್ತುತ್ತಾ ಆರು ವರ್ಷ ಸವಾರಿ ಮಾಡಿದೆ. ಅದರಲ್ಲಿ ಮೊದಲ ಎರಡು ತಿಂಗಳು ಮಾತ್ರ ತಾತ ನೋಡಿದರು. ಒಂದು ವಾರ ಕೆಲಸಕ್ಕೆ ಬರಲಿಲ್ಲ. ಮುಂದಿನ ವಾರ ನಾನು ಶೆಟ್ಟಿಹಳ್ಳಿಯ ಮನೆ ಹುಡುಕಿಕೊಂಡು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವರ ಸೊಸೆ ಕಾಫಿ ಕೊಟ್ಟು, "ಕೆಂಚು ಕುದುರೆ ತಾಯಿ ನೀವೇನಾ? ಬೆನ್ನು ವಾಸಿ ಆಯ್ತಾ ಅಂತ ಆಸ್ಪತ್ರೆಯಲ್ಲೂ ಕೇಳ್ತಿದ್ರು" ಅಂದಳು.

ವಾಸಿಯಾಯಿತು. ಆದರೆ ಯಾರೂ ಅವಳನ್ನು ಮತ್ತೆ ಹತ್ತಲಿಲ್ಲ. ಕೆಂಚಿ ಈಗ ಹೆಸರಘಟ್ಟದ ಹತ್ತಿರ ಪರಿಚಯದವರ ತೋಟದಲ್ಲಿದ್ದಾಳೆ, ಮುದುಕಿ. ಜೀನು ಒತ್ತಿದ ಜಾಗದಲ್ಲಿ ಕೆಂಚು ಕೂದಲು ಉದುರಿ, ಎರಡು ಪಕ್ಕದಲ್ಲೂ ಅಂಗೈಯಗಲ ಬಿಳಿ ಕೂದಲು ಬಂದಿದೆ. ನೋಡಿದವರಿಗೆ ಚೆಂದ ಕಾಣುತ್ತದೆ. ಹುಟ್ಟಿನಿಂದ ಬಂದ ಮಚ್ಚೆಯಾ ಅಂತ ಕೇಳುತ್ತಾರೆ. ಇಲ್ಲ, ನಾನು ಮಾಡಿದ್ದು, ಬೇಡ ಅಂದರೂ ಕೇಳದೆ ಮಾಡಿದ್ದು ಅನ್ನುತ್ತೇನೆ. ಯಾರು ಕೇಳಿದರೂ ಹೇಳುತ್ತೇನೆ, ಈಗ ನಾಚಿಕೆಯಿಲ್ಲ. ಏನೂ ಕೇಳದೆ ನನ್ನ ಪಕ್ಕದಲ್ಲಿ ನಡೆದ ತಾತನಿಗೆ ಮಾತ್ರ ಹೇಳಲಿಲ್ಲ...